ಹೊನಗೊನ್ನೆ ಕಿತ್ತ ಶುಕ್ರವಾರ

ಲಕ್ಕಮ್ಮನ ಕೈಗೆ ಕಳೆ ಸಿಕ್ಕಿತೆಂದರೆ ಅದರ ವಂಶ ಅಲ್ಲಿಗೆ ಮುಗಿಯಿತು. ಹುಲ್ಲಾಗಲಿ, ತುಂಬೆಯಾಗಲಿ, ಪಾರ್ಥೇನಿಯಂ ಆಗಲಿ, ಮೇಲೆ ಮೇಲೆ ಕಿತ್ತು ಬಿಸಾಡುವ ಸೋಮಾರಿ ಕೆಲಸ ಅವಳಿಗೆ ಗೊತ್ತಿಲ್ಲ. ಬುಡಕ್ಕೆ ಎರಡು ಬೆರಳು ಇಳಿಸಿ, ಮಣ್ಣನ್ನು ಸಡಿಲ ಮಾಡಿ, ಬೇರಿನ ತುದಿಯವರೆಗೂ ಎಳೆದು, ಅಂಟಿದ ಮಣ್ಣು ಕೊಡವಿ ಪಕ್ಕಕ್ಕಿಡುವಳು. ಅರವತ್ತರ ಹತ್ತಿರ ಬಂದಿದ್ದರೂ ಸೊಂಟ ಇನ್ನೂ ಅವಳ ಮಾತು ಕೇಳುತ್ತಿತ್ತು. ಕೊಡಿಗೇನಹಳ್ಳಿಯಿಂದ ಹಿಂದೂಪುರದ ಕಡೆ ಹೋಗುವ ರಸ್ತೆಯ ಮಗ್ಗುಲಲ್ಲಿ ಭವ್ಯ ನಡೆಸುತ್ತಿದ್ದ ನರ್ಸರಿಯಲ್ಲಿ ಅವಳಿಗೆ ಕೆಲಸ ಸಿಕ್ಕಿದ್ದೇ ಈ ಕೈಗುಣದಿಂದ.

ಆ ಕೆಲಸ ಅವಳಿಗೆ ಎಷ್ಟು ಬೇಕಾಗಿತ್ತು ಎನ್ನುವುದನ್ನು ಮೊದಲೇ ಹೇಳಿಬಿಡಬೇಕು. ಪಾವಗಡದ ಕಡೆಗೆ ಕೊಟ್ಟಿದ್ದ ಹೆಣ್ಣು, ಮಕ್ಕಳಾಗಲಿಲ್ಲ. ಗಂಡ ತೀರಿಕೊಂಡ ಮೇಲೆ ತಮ್ಮ ಸಂಜೀವಯ್ಯನೇ ಹೋಗಿ ಟ್ರಂಕು ಸಮೇತ ಕರೆದುಕೊಂಡು ಬಂದಿದ್ದ. ಮೂರು ವರ್ಷವಾಯಿತು. ತಮ್ಮನಾಗಲಿ, ಅವನ ಹೆಂಡತಿ ಇಂದ್ರಮ್ಮನಾಗಲಿ ಒಂದು ದಿನವೂ ಮುಖ ಗಂಟಿಕ್ಕಿದವರಲ್ಲ. ಆದರೆ ಕೆಲವರ ಗಂಟಲೇ ಹಾಗೆ, ಯಾರೂ ಏನೂ ಅನ್ನದಿದ್ದರೂ ಹಂಗಿನ ತುತ್ತು ಇಳಿಯುವುದಿಲ್ಲ. ಇಂದ್ರಮ್ಮ ಸಾರಿನ ಸೌಟು ಹಿಡಿದು ಬಂದರೆ ಸಾಕು, ಲಕ್ಕಮ್ಮ ತಲೆ ಬಗ್ಗಿಸಿ ತಟ್ಟೆಯನ್ನೇ ನೋಡುತ್ತಾ, ಬೇಡ ಬೇಡ ಎನ್ನುವಳು. ಅತ್ತ ಶಿರಾದ ಹಾಸ್ಟೆಲ್ಲೊಂದರಲ್ಲಿ ಅಡುಗೆ ಮಾಡುತ್ತಿದ್ದ ಹಳೆಯ ಗೆಳತಿ ದಾಸಮ್ಮ, ಇಲ್ಲಿ ಕೆಲಸವೂ ಇದೆ, ಇರಲು ರೂಮೂ ಇದೆ, ಬಂದುಬಿಡು ಎಂದು ಫೋನು ಮಾಡುತ್ತಲೇ ಇದ್ದಳು. ಹೊರಡಬೇಕು ಅನ್ನುವಷ್ಟರಲ್ಲಿ ನರ್ಸರಿ ಕೆಲಸ ಸಿಕ್ಕಿತು. ವಾರದ ಕೂಲಿಯನ್ನು ಇಂದ್ರಮ್ಮನ ಕೈಗಿಟ್ಟು ಊಟಕ್ಕೆ ಕೂತರೆ ಮುದ್ದೆ ತುಸು ಸರಾಗವಾಗಿ ಇಳಿಯುತ್ತಿತ್ತು. ಈ ಕೆಲಸ ಇರುವ ತನಕ ಈ ಮನೆ, ಕೆಲಸ ಹೋದ ದಿನ ಶಿರಾದ ಬಸ್ಸು ಎಂದು ಅವಳು ಒಳಗೊಳಗೇ ತೀರ್ಮಾನ ಮಾಡಿಕೊಂಡಿದ್ದಳು. ಯಾರಿಗೂ ಹೇಳಿರಲಿಲ್ಲ.

ಭವ್ಯನಿಗೆ ಮೂವತ್ತು ದಾಟಿರಬಹುದು. ಕೃಷಿ ಡಿಪ್ಲೊಮಾ ಓದಿದವಳು, ಮಾತು ಕಡಿಮೆ, ಕೆಲಸ ಜಾಸ್ತಿ. ಹುಣಸೆ, ನೇರಳೆ, ನುಗ್ಗೆ ಸಸಿಗಳ ಸಾಲುಗಳನ್ನು ಲಕ್ಕಮ್ಮನಿಗೆ ಒಪ್ಪಿಸಿದ್ದಳು. ಹಿಂದಿನ ಮೂಲೆಯಲ್ಲಿ ನೆರಳುಬಲೆಯ ಕೆಳಗೆ ಆರುನೂರು ಶ್ರೀಗಂಧದ ಸಸಿಗಳಿದ್ದವು, ಒಂದೊಂದು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಒಂದೊಂದು. ಶಿರಾ ಕಡೆಯ ರೈತರೊಬ್ಬರು ಮಳೆಗಾಲಕ್ಕೆ ಬೇಕೆಂದು ಹೇಳಿ ಬೆಳೆಸುತ್ತಿದ್ದ ಸಸಿಗಳು ಅವು. ಆ ಕಡೆ ನಾನೇ ನೋಡಿಕೊಳ್ಳುತ್ತೇನೆ ಎಂದಿದ್ದಳು ಭವ್ಯ. ಯಾಕೆ ಎಂದು ಅವಳು ಹೇಳಲಿಲ್ಲ, ಇವಳು ಕೇಳಲಿಲ್ಲ.

ನೀರು ಬಿಡಲು ಹೋದಾಗಲೆಲ್ಲ ಲಕ್ಕಮ್ಮನ ಹೊಟ್ಟೆ ಉರಿಯುತ್ತಿತ್ತು. ಗೇಣುದ್ದ ಕೂಡ ಇಲ್ಲದ ಬಡಕಲು ಗಂಧದ ಸಸಿ, ಅದರ ಸುತ್ತ ದಟ್ಟವಾಗಿ ಹಬ್ಬಿಕೊಂಡ ಹೊನಗೊನ್ನೆ ಸೊಪ್ಪು. ಒಂದು ಚೀಲದಲ್ಲಲ್ಲ, ಆರುನೂರರಲ್ಲೂ. ಪಾಪ, ಮನೆ, ಮಕ್ಕಳ ಶಾಲೆ, ನರ್ಸರಿ ಅಂತ ಓಡಾಡುವ ಹುಡುಗಿ, ಕಳೆ ತೆಗೆಯಲು ಪುರುಸೊತ್ತೆಲ್ಲಿ, ಬಾಯಿಬಿಟ್ಟು ಹೇಳಲೂ ಸಂಕೋಚವೇನೋ ಎಂದು ಅವಳೇ ಅಂದುಕೊಂಡಳು. ನಾವು ಒಬ್ಬರ ಮೇಲೆ ಕನಿಕರ ಪಡಲು ಶುರುಮಾಡಿದರೆ ಅವರನ್ನೊಂದು ಮಾತು ಕೇಳಬೇಕು ಅನ್ನುವುದೇ ಮರೆತುಹೋಗುತ್ತದೆ.

ಒಂದು ಶುಕ್ರವಾರ ಭವ್ಯ ತನ್ನ ಅತ್ತೆ ದಾಕ್ಷಾಯಣಮ್ಮನವರನ್ನು ಕರೆದುಕೊಂಡು ಗೊರವನಹಳ್ಳಿಯ ದೇವಸ್ಥಾನಕ್ಕೆ ಹೋದಳು. ನೀರು ಬಿಟ್ಟು ಬೇಗ ಮನೆಗೆ ಹೋಗಿ ಎಂದು ಲಕ್ಕಮ್ಮನಿಗೆ ಹೇಳಿದ್ದಳು. ಲಕ್ಕಮ್ಮ ನೀರು ಬಿಟ್ಟಳು, ಮನೆಗೆ ಹೋಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಗಂಧದ ಸಾಲಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಮಧ್ಯಾಹ್ನದ ಬುತ್ತಿ ಬಿಚ್ಚಲೂ ಏಳಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಆರುನೂರು ಚೀಲಗಳಲ್ಲಿ ಗಂಧದ ಸಸಿ ಬಿಟ್ಟರೆ ಒಂದು ಹಸಿರೆಳೆ ಉಳಿದಿರಲಿಲ್ಲ. ಕಿತ್ತದ್ದೆಲ್ಲ ಬೇರು ಸಮೇತ ಬಂದಿತ್ತು. ಕೊನೆಯ ಸಾಲಿನ ಮೂಲೆಯ ನಾಲ್ಕೈದು ಚೀಲಗಳು ನೀರಿನ ಡ್ರಮ್ಮಿನ ಮರೆಯಲ್ಲಿದ್ದುದರಿಂದ ಅವಳ ಕಣ್ಣಿಗೆ ಬೀಳಲಿಲ್ಲ, ಅಷ್ಟೇ.

ಅಷ್ಟು ಎಳೆ ಸೊಪ್ಪನ್ನು ತಿಪ್ಪೆಗೆ ಹಾಕಲು ಯಾವ ಹೆಂಗಸಿಗೆ ಮನಸ್ಸು ಬರುತ್ತದೆ. ಬೇರು ಚಿವುಟಿ, ಗೋಣಿಚೀಲದಲ್ಲಿ ತುಂಬಿ ಮನೆಗೆ ತಂದು ಇಂದ್ರಮ್ಮನ ಮುಂದೆ ಸುರಿದಳು. ಇಂದ್ರಮ್ಮ ಕಾಳು ಬೇಯಿಸಿ, ಸೊಪ್ಪು ಬಸಿದು, ಬೆಳ್ಳುಳ್ಳಿ ಖಾರ ಅರೆದು ಬಸ್ಸಾರು ಮಾಡಿದಳು. ಪಕ್ಕದ ಮನೆಗಳಿಗೂ ಹಂಚಿದಳು. ಸಂಜೀವಯ್ಯ ಊಟದ ಬಗ್ಗೆ ಮಾತಾಡುವವನೇ ಅಲ್ಲ, ಅವತ್ತು ಸಾರು ಚೆನ್ನಾಗಿದೆ ಅಂದ. ಲಕ್ಕಮ್ಮ ಮೂರು ವರ್ಷದಲ್ಲಿ ಮೊದಲ ಸಲ ಹೊಟ್ಟೆ ತುಂಬಾ ಉಂಡಳು. ಸಂತೋಷಕ್ಕೆ ನಿದ್ದೆಯೂ ಚೆನ್ನಾಗಿ ಬಂತು.

ಬೆಳಿಗ್ಗೆ ಅವಳು ಭವ್ಯನಿಗಿಂತ ಮೊದಲೇ ಹೋಗಿ ಗೇಟಿನ ಹತ್ತಿರ ನಿಂತಿದ್ದಳು. ಭವ್ಯ ಪ್ರಸಾದದ ಪೊಟ್ಟಣ ಕೊಟ್ಟಳು. ಲಕ್ಕಮ್ಮ ಕಣ್ಣಿಗೊತ್ತಿಕೊಂಡು, ಹಿಂದುಗಡೆ ಒಂದು ಸಲ ನೋಡಿಬನ್ನಿ ಎಂದಳು. ಹೊಗಳಿಕೆ ಕೇಳಲು ತಾನೂ ಬೆನ್ನ ಹಿಂದೆಯೇ ಹೋದಳು. ಭವ್ಯ ನೆರಳುಬಲೆಯ ಕೆಳಗೆ ಹೋಗಿ ಒಂದು ತುದಿಯಿಂದ ಚೀಲಗಳನ್ನು ನೋಡುತ್ತಾ ಬಂದಳು. ಆಮೇಲೆ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತಳು.

"ಇದನ್ನೆಲ್ಲ ಯಾರು ಕಿತ್ತಿದ್ದು, ಲಕ್ಕಮ್ಮ?"

"ನಾನೇ ಕಣಮ್ಮ. ಒಬ್ಳೇ ಕಿತ್ತೆ."

ಭವ್ಯ ಬೈದಿದ್ದರೆ ಲಕ್ಕಮ್ಮ ತಡೆದುಕೊಳ್ಳುತ್ತಿದ್ದಳು. ಅವಳು ಬೈಯಲಿಲ್ಲ. ಡ್ರಮ್ಮಿನ ಮರೆಯ ಒಂದು ಚೀಲ ತಂದು, ಬ್ಲೇಡಿನಲ್ಲಿ ಪ್ಲಾಸ್ಟಿಕ್ ಸೀಳಿ, ಬಕೆಟ್ಟಿಗೆ ನೀರು ತುಂಬಿ, ಮಣ್ಣಿನ ಮುದ್ದೆಯನ್ನು ಅದರಲ್ಲಿ ಮೆತ್ತಗೆ ಅಲುಗಾಡಿಸಿದಳು. ಮಣ್ಣು ಕರಗಿ ಬೇರುಗಳು ಬಿಡಿಸಿಕೊಂಡವು. ಗಂಧದ ಬೇರಿನ ತುದಿಯಲ್ಲಿ ಸಾಸಿವೆ ಕಾಳಿನಷ್ಟು ದಪ್ಪದ ಬಿಳಿ ಗಂಟುಗಳಿದ್ದವು, ಒಂದೊಂದು ಗಂಟೂ ಹೊನಗೊನ್ನೆಯ ಬೇರನ್ನು ಬಿಗಿಯಾಗಿ ಕಚ್ಚಿಕೊಂಡಿತ್ತು. ಭವ್ಯ ಬೆರಳಿಟ್ಟು ತೋರಿಸಿದಳು. ಎಲೆಯಲ್ಲಿ ಬಿಸಿಲು ಹಿಡಿದು ಅನ್ನ ಮಾಡಿಕೊಳ್ಳುವುದು ಈ ಗಿಡಕ್ಕೂ ಬರುತ್ತದೆ, ಬೇರೆ ಗಿಡಗಳ ಹಾಗೆಯೇ. ಆದರೆ ನೆಲದಿಂದ ನೀರು, ಸಾರ ಎಳೆದುಕೊಳ್ಳುವುದರಲ್ಲಿ ಇದರ ಬೇರು ಬಲು ಬಡವ. ಹಾಗಾಗಿ ಪಕ್ಕದ ಗಿಡದ ಬೇರಿಗೆ ಬಾಯಿ ಹಾಕಿ ಹೀರಿಕೊಂಡು ಬದುಕುತ್ತದೆ. ದೊಡ್ಡದಾದ ಮೇಲೆ ತೊಗರಿಯೋ ಹೊಂಗೆಯೋ ಪಕ್ಕದಲ್ಲಿ ಬೇಕು, ಎಳೆಯದರಲ್ಲಿ ಹೊನಗೊನ್ನೆ ಸಾಕು. ಅದಕ್ಕೇ ತಾನೇ ಕೈಯಾರೆ ಚೀಲಕ್ಕೊಂದರಂತೆ ನೆಟ್ಟಿದ್ದಾಗಿ ಹೇಳಿದಳು.

"ಅಯ್ಯೋ ದೇವುಡಾ" ಅಂದಳು ಲಕ್ಕಮ್ಮ. ಜೀವ ಹಾರಿದಾಗ ಅವಳ ಬಾಯಿಗೆ ಪಾವಗಡದ ತೆಲುಗೇ ಬರುತ್ತಿತ್ತು. ಆರುನೂರು ಸಸಿಗಳ ಅನ್ನವನ್ನು ಕಿತ್ತು, ಬಸಿದು, ಒಗ್ಗರಣೆ ಹಾಕಿ, ಬೀದಿಗೆಲ್ಲ ಹಂಚಿ ಉಂಡಿದ್ದಳು. ಅದನ್ನೂ ಮುಚ್ಚಿಡದೆ ಹೇಳಿದಳು. ಭವ್ಯನಿಗೆ ಆ ಹೊತ್ತಿನಲ್ಲೂ ನಗು ಬಂದುಬಿಟ್ಟಿತು, ನಕ್ಕ ಮೇಲೆ ಕಣ್ಣು ಒರೆಸಿಕೊಂಡಳು. ಸೊಪ್ಪು ಜಾಸ್ತಿ ಬೆಳೆದಿದ್ದು ನಿಜ, ಈ ವಾರ ಅದರ ತುದಿ ಕತ್ತರಿಸಬೇಕು ಅಂತಲೇ ಇದ್ದೆ, ನಿಮಗೆ ಮೊದಲೇ ಹೇಳದಿದ್ದದ್ದು ನನ್ನ ತಪ್ಪು ಎಂದಳು.

ಲಕ್ಕಮ್ಮ ಇನ್ನೂ ಬಕೆಟ್ಟನ್ನೇ ನೋಡುತ್ತಿದ್ದಳು. "ಅಂಗಾರೆ ಹೊನಗೊನ್ನೆಗೆ ಏನ್ ಸಿಕ್ತದಮ್ಮ?"

ಭವ್ಯ ಸುಳ್ಳು ಹೇಳುವವಳಲ್ಲ. "ಅದಕ್ಕೇನೂ ಸಿಗಲ್ಲ, ಲಕ್ಕಮ್ಮ. ಕೊಡೋದಷ್ಟೇ ಅದು."

ಆ ಮಾತು ಲಕ್ಕಮ್ಮನ ಎದೆಯಲ್ಲಿ ಕೂತುಕೊಂಡಿತು. ಆದರೆ ಕೂತು ಯೋಚನೆ ಮಾಡಲು ಸಮಯವಿರಲಿಲ್ಲ. ಹೊನಗೊನ್ನೆಯ ಕಡ್ಡಿ ಚುಚ್ಚಿದರೆ ಸಾಕು, ಬೇರು ಬಿಡುತ್ತದೆ. ಅವಳು ಕುಡುಗೋಲು ತೆಗೆದುಕೊಂಡು ಕೆರೆಯ ಹಿಂಭಾಗಕ್ಕೆ ಹೋದಳು, ಕೆಸರಿನಲ್ಲಿ ಮೊಣಕಾಲವರೆಗೆ ಇಳಿದು ಗೋಣಿಚೀಲಗಟ್ಟಲೆ ಕಡ್ಡಿ ಕೊಯ್ದು ತಂದಳು. ಗಂಧದ ಬೇರಿಗೆ ತಾಗದ ಹಾಗೆ, ಚೀಲದ ಅಂಚಿಗೆ ಒಂದೊಂದೇ ಚುಚ್ಚಿದಳು. ಮೂರು ದಿನ ಹಿಡಿಯಿತು. ಆ ವಾರದ ಕೂಲಿಯನ್ನು ಭವ್ಯ ಎಷ್ಟು ಹೇಳಿದರೂ ಮುಟ್ಟಲಿಲ್ಲ.

ಆಮೇಲೆ ಕಾಯುವ ಕೆಲಸ. ಮೊದಲ ಎರಡು ವಾರ ಗಂಧದ ಎಲೆಗಳು ಹಳದಿಗೆ ತಿರುಗಿದವು. ಕೆಲವು ಉದುರಿದವು, ಕೆಲವು ಸಸಿಗಳು ನಿಂತಲ್ಲೇ ಒಣಗಿದವು. ಭವ್ಯ ಶಿರಾದ ರೈತರಿಗೆ ಫೋನು ಮಾಡಿ ಇನ್ನೊಂದು ತಿಂಗಳು ತಡವಾಗುತ್ತದೆ ಎಂದು ಹೇಳುತ್ತಿದ್ದಾಗ ಲಕ್ಕಮ್ಮ ನೇರಳೆ ಸಾಲಿನ ಹಿಂದೆ ತಲೆ ಬಗ್ಗಿಸಿಕೊಂಡು ಕೂತಿದ್ದಳು. ಭವ್ಯ ತಪ್ಪು ಯಾರದೆಂದು ಫೋನಿನಲ್ಲಿ ಹೇಳಲಿಲ್ಲ. ಅದು ಲಕ್ಕಮ್ಮನಿಗೆ ಇನ್ನೂ ಕಷ್ಟವಾಯಿತು.

ಒಂದೂವರೆ ತಿಂಗಳಾಗುವ ಹೊತ್ತಿಗೆ ಮಳೆ ಹನಿಯಿತು. ನೂರಕ್ಕೆ ಸ್ವಲ್ಪ ಮೇಲೆ ಸಸಿಗಳು ಹೋಗಿದ್ದವು, ಉಳಿದವು ಚಿಗುರಿದವು. ಭವ್ಯ ಒಂದು ಎಲೆಯನ್ನು ಎರಡು ಬೆರಳಲ್ಲಿ ಹಿಡಿದು ತೋರಿಸಿ, ಕಚ್ಚಿಕೊಂಡವು ಲಕ್ಕಮ್ಮ ಎಂದು ನಕ್ಕಳು. ಇನ್ನು ಮುಂದೆ ಈ ಮೂಲೆಯೂ ನಿಮ್ಮದೇ ಎಂದಳು.

ಕೆಲಸ ಉಳಿಯಿತು. ಕತೆ ಅಲ್ಲಿಗೆ ಮುಗಿಯಬೇಕಿತ್ತು, ಆದರೆ ಲಕ್ಕಮ್ಮ ಅಷ್ಟು ಸುಲಭದ ಹೆಂಗಸಲ್ಲ. ಅವಳು ಚಿಗುರಿದ ಗಂಧವನ್ನು ನೋಡಲಿಲ್ಲ, ಪಕ್ಕದ ಹೊನಗೊನ್ನೆಯನ್ನು ನೋಡಿದಳು. ಕೆರೆಯ ಹಿಂದೆ ಅದೇ ಸೊಪ್ಪು ಕಡುಹಸಿರಾಗಿ ಸೊಕ್ಕಿ ಬೆಳೆದಿತ್ತು, ಇಲ್ಲಿ ಚೀಲದಲ್ಲಿ ಸೊರಗಿತ್ತು. ಅವಳ ಕಣ್ಣಿಗೆ ಹಾಗೆ ಕಂಡಿತು. ಆ ಸಂಜೆ ಮನೆಗೆ ಬಂದು ಇಂದ್ರಮ್ಮನನ್ನು ಕದ್ದು ನೋಡಿದರೆ ಅವಳೂ ಸೊರಗಿದ ಹಾಗೆ ಕಂಡಳು. ವಾರಕ್ಕೊಂದಿಷ್ಟು ಕೂಲಿ ಕೊಟ್ಟರೆ ತೀರುವ ಹಂಗಲ್ಲ ಇದು, ನಾನು ಕಚ್ಚಿಕೊಂಡಿರುವ ಗಿಡ ಎಂದು ಲಕ್ಕಮ್ಮನಿಗೆ ಖಾತ್ರಿಯಾಗಿಹೋಯಿತು. ದಾಸಮ್ಮನಿಗೆ ಫೋನು ಮಾಡಿ ಭಾನುವಾರ ಬರುತ್ತೇನೆಂದಳು. ಭವ್ಯನಿಗೂ ಹೇಳಿ ಬಂದಳು. ಭವ್ಯ ಎಷ್ಟು ಕೇಳಿದರೂ ಕಾರಣ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಸಂಜೀವಯ್ಯ ಹೊಲಕ್ಕೆ ಹೋಗಿದ್ದ. ಇಂದ್ರಮ್ಮ ಕೊಟ್ಟಿಗೆ ಗುಡಿಸಿ ಒಳಗೆ ಬಂದರೆ ನಡುಮನೆಯಲ್ಲಿ ಟ್ರಂಕಿಗೆ ಹಗ್ಗ ಸುತ್ತುತ್ತಿದ್ದ ಅತ್ತಿಗೆ ಕಂಡಳು. ಎಲ್ಲಿಗೆ ಎಂದು ಕೇಳಿದಳು. ಲಕ್ಕಮ್ಮ ಮೊದಲು ಏನೇನೋ ನೆಪ ಹೇಳಿ, ಕೊನೆಗೆ ಎಲ್ಲವನ್ನೂ ಹೇಳಿಬಿಟ್ಟಳು. ಗಂಧದ ಬೇರು, ಸಾಸಿವೆಯಷ್ಟು ಗಂಟು, ಹೊನಗೊನ್ನೆಗೆ ಏನೂ ಸಿಗುವುದಿಲ್ಲ ಎಂದ ಭವ್ಯನ ಮಾತು, ಎಲ್ಲ.

"ನಾನೂ ಅಂತಾ ಗಿಡಾನೇ ಕಣೇ ಇಂದ್ರಿ. ನಿನ್ ಬೇರು ಕಚ್ಕಂಡು ಮೂರು ವರ್ಷ ಬದುಕ್ದೆ. ಸಾಕು."

ಇಂದ್ರಮ್ಮ ಪೊರಕೆಯನ್ನು ಕೆಳಗಿಡುವುದನ್ನೂ ಮರೆತು ಕೇಳುತ್ತಾ ನಿಂತಿದ್ದಳು. ಅವಳಿಗೆ ಸಿಟ್ಟು ಬರುವುದೇ ಅಪರೂಪ. ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ.

"ಹೊನಗೊನ್ನೇನ ಯಾರಾದ್ರೂ ಕೇಳಿದ್ರೇನಕ್ಕ?"

ಲಕ್ಕಮ್ಮನಿಗೆ ಅರ್ಥವಾಗಲಿಲ್ಲ.

"ನಿಂಗೇನು ಸಿಗ್ತೈತೆ ಅಂತ ಅದನ್ನ ಕೇಳಿದ್ರಾ? ಇಲ್ಲ. ಅದಕ್ಕೆ ಬಾಯಿಲ್ಲ, ಬುಡು. ನಂಗೈತಲ್ಲ. ನನ್ನ ಒಂದ್ ದಿನಾನಾದ್ರೂ ಕೇಳಿದ್ಯಾ ನೀನು?"

ಲಕ್ಕಮ್ಮನ ಕೈಯಲ್ಲಿ ಹಗ್ಗ ಹಾಗೇ ನಿಂತಿತು. ಇಂದ್ರಮ್ಮ ಗೋಡೆಗೊರಗಿ ಕೂತಳು. ಮಗಳನ್ನು ತೋವಿನಕೆರೆಗೆ ಕೊಟ್ಟು ಕಳಿಸಿದ ಮೇಲೆ ಈ ಮನೆಯಲ್ಲಿ ಮಾತೇ ಇರಲಿಲ್ಲ ಎಂದಳು. ನಿನ್ನ ತಮ್ಮ ಒಳ್ಳೆಯವರೇ, ಬೆಳಿಗ್ಗೆ ಕಾಫಿ ಅನ್ನುತ್ತಾರೆ, ಸಾಯಂಕಾಲ ಮುದ್ದೆ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು ಎಂದಳು.

"ನೀನು ಬರಕ್ಕೆ ಮುಂಚೆ ನಾನು ಎಮ್ಮೆ ಕುಟೆ ಮಾತಾಡ್ತಿದ್ದೆ ಕಣಕ್ಕ. ದಿನಾ. ಯಾರಿಗೂ ಗೊತ್ತಿಲ್ಲ."

ಹೇಳಿ, ನಾಚಿಕೆಯಾಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಲಕ್ಕಮ್ಮ ಅವಳನ್ನೇ ನೋಡಿದಳು. ಮೂರು ವರ್ಷ ತನ್ನ ತಟ್ಟೆಯನ್ನಷ್ಟೇ ನೋಡಿಕೊಂಡು ಕೂತಿದ್ದಳೇ ಹೊರತು ಇಕ್ಕುವವಳ ಮುಖವನ್ನು ತಲೆಯೆತ್ತಿ ನೋಡಿರಲಿಲ್ಲ. ತನ್ನ ಹಂಗಿನ ಚಿಂತೆಯಲ್ಲಿ ಇನ್ನೊಬ್ಬಳ ಹಸಿವು ಕಾಣದೇ ಹೋಗಿತ್ತು. ಅವಳಿಗೆ ಈಗ ತನ್ನ ಮೇಲೆ ಬಂದಷ್ಟು ಸಿಟ್ಟು ಆ ಶುಕ್ರವಾರದ ಮಾರನೆಯ ದಿನವೂ ಬಂದಿರಲಿಲ್ಲ. ರಸ್ತೆಯಲ್ಲಿ, ಶಿರಾಕ್ಕೆ ಹೋಗಲು ಅವಳು ಹತ್ತಬೇಕಿದ್ದ ಮಧುಗಿರಿಯ ಬಸ್ಸು ಹಾರನ್ ಹೊಡೆದು, ಯಾರೂ ಹತ್ತದ್ದು ನೋಡಿ ಮುಂದೆ ಹೋಯಿತು.

ಲಕ್ಕಮ್ಮ ಟ್ರಂಕನ್ನು ಕಾಲಲ್ಲಿ ಪಕ್ಕಕ್ಕೆ ತಳ್ಳಿ, ಇಂದ್ರಮ್ಮನ ಪಕ್ಕ ಗೋಡೆಗೊರಗಿ ಕೂತಳು. ಅವಳನ್ನು ಮೊಣಕೈಯಲ್ಲಿ ತಿವಿದು ಕೇಳಿದಳು.

"ಎಮ್ಮೆ ಕುಟೆ ಏನ್ ಮಾತಾಡ್ತಿದ್ಯೇ? ನಂಗೂ ಹೇಳು."