ನಾಲ್ಕನೆಯ ನಾಳ

ಮತ್ತೆ ಆ ವಾಸನೆ, ಸುಟ್ಟ ಕೊಂಬಿನಂಥದು, ನನ್ನದೇ ಹಲ್ಲಿನ ಪುಡಿ ನನ್ನ ಮೂಗಿಗೇ ಹಾರುತ್ತಿದೆ, ಕಣ್ಣ ಮೇಲೆ ದೀಪ, ಬಾಯಿಗೆ ಬಿಗಿದ ಹಸಿರು ರಬ್ಬರ್ ಹಾಳೆ, ಅದರ ತೂತಿನಿಂದ ಒಂದೇ ಹಲ್ಲು ಹೊರಗೆ, ಉಳಿದ ನಾನೆಲ್ಲ ಒಳಗೆ, ಮಾತಾಡುವಂತಿಲ್ಲ, ಅದೇನೂ ಹೊಸದಲ್ಲ — ನೋವಾದ್ರ ಕೈ ಎತ್ರಿ ವರ್ಷಾ ಅವ್ರೇ, ಅಂದಿದ್ದಾರೆ ಅತಿಯಾ ಡಾಕ್ಟರ್, ಎತ್ತಿದರೆ ನಿಲ್ಲಿಸುತ್ತಾರಂತೆ, ಅಷ್ಟೇ ಸಾಕಂತೆ, ಬಸವಕಲ್ಯಾಣದ ಮನೆಯಲ್ಲಿ ದೀಪಾವಳಿಯಿಂದ ಹೇಳುತ್ತ ಬಂದೆ, ಬಿಸಿ ಚಹಾ ತಾಗಿದರೆ ಕಣ್ಣಿನವರೆಗೆ ಸೆಳೆಯುತ್ತದೆ ಅಂತ, ಹಲ್ಲಿನ ಡಾಕ್ಟರನ ಹೆಂಡತಿಗೇ ಹಲ್ಲು ನೋವೇನವ್ವಾ ಎಂದು ಓಣಿಯವರು ನಕ್ಕರು, ಅತ್ತೆ ನಗಲಿಲ್ಲ, ಅಂಗೈಗೆ ಲವಂಗ ಹಾಕಿ ಹೇಳಿದರು, ನನ್ನ ಮಗ ಮಾಡಿದ ಹಲ್ಲು ನೋಯಂಗಿಲ್ಲ, ಎಂ.ಎ. ಓದಿದಿ, ಕುಂತಲ್ಲೇ ವಿಚಾರ ಮಾಡ್ತಿ, ಅದಕ್ಕ ನೋವು. ಅವರ ಮಗ, ನನ್ನ ಗಂಡ, ಮೊಬೈಲಿನಲ್ಲಿ ಎಕ್ಸ್‌ರೇ ಹಿಗ್ಗಿಸಿ ತೋರಿಸಿದರು, ಬೇರಿನೊಳಗೆ ಮೂರು ಬಿಳಿ ಗೆರೆ, ನೋಡು, ತುದಿತನಕ ತುಂಬೀನಿ, ಇನ್ನೇನು ನೋಯ್ತದ ಇದ್ರಾಗ, ನಿನ್ನ ತಲಿ?

ಇದೇ ಮನುಷ್ಯ ಮದುವೆಯಾದ ಹೊಸದರಲ್ಲಿ ಮಾಳಿಗೆಯ ಮೇಲೆ ಕೂತು ಯಾರದೋ ಕಿತ್ತ ಹಲ್ಲನ್ನು ಕೊರೆದು ನನ್ನ ಅಂಗೈಯಲ್ಲಿಟ್ಟಿದ್ದರು, ಮೇಲಿನ ಸಾಲಿನ ಮೊದಲ ದವಡೆ ಹಲ್ಲು, ಭಾಳ ಮೋಸದ್ದು ಇದು, ಬೇರು ಮೂರು, ಆದ್ರ ಕೆನ್ನಿ ಕಡೀ ಮುಂದಿನ ಬೇರಿನಾಗ ಭಾಳ ಸಲ ನರದ ನಾಳ ಎರಡಿರ್ತಾವ, ಎರಡನೇದು ಕೂದಲ ಎಳಿಯಂಗ, ಅದ್ರ ಬಾಯಿ ಮ್ಯಾಲ ಹಲ್ಲೇ ಹೊದ್ದು ಕುಂತಿರ್ತದ, ಕೆರೆದು ಹುಡುಕಬೇಕು, ಬಿಟ್ರ ಒಳಗೇ ಕೊಳೀತದ — ಬೆಳಕಿಗೆ ಹಿಡಿದಾಗ ಕಂಡಿತ್ತು, ಇರುವೆಯ ಕಣ್ಣಿನಷ್ಟು ಕಪ್ಪು ಚುಕ್ಕೆ, ಇಷ್ಟು ಸಣ್ಣದನ್ನು ಹುಡುಕುವವನಿಗೆ ನಾನು ಬಾಯಿ ಬಿಟ್ಟು ಏನೂ ಹೇಳಬೇಕಾಗಲಿಕ್ಕಿಲ್ಲ ಅಂದುಕೊಂಡಿದ್ದೆ, ಹುಚ್ಚಿ.

ಗೊತ್ತಿತ್ತು ಅವರಿಗೆ, ಗೊತ್ತಿಲ್ಲದೆ ಬಿಟ್ಟಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ನನ್ನ ಹಲ್ಲು ಮಾಡಿದ ದಿನ ಅವರದೇ ದವಾಖಾನೆಯ ಖುರ್ಚಿಯಲ್ಲಿ ನಾನು ಬಾಯಿ ತೆರೆದಿದ್ದಾಗ ಹಲ್ಲು ತೋರಿಸಲು ಮಂಠಾಳದ ನಾಗನಾಥ ಕಾಕಾ ಬಂದರು, ವರ್ಷಾ, ಸ್ವಲ್ಪ ಏಳು, ನೀ ಮನಿ ಮಂದಿ ಅಲ್ಲೇನು, ಅಂದರು ಇವರು, ಕೊರೆದ ಹಲ್ಲಿಗೆ ಹತ್ತಿ ಒತ್ತಿಕೊಂಡು ಬೆಂಚಿನ ಮೇಲೆ ಕೂತೆ, ಕಾಕಾನ ಬಾಯಿಯೊಳಗೆ ಇವರು ಬಗ್ಗಿದ್ದು ಬಗ್ಗಿದ್ದೇ, ಅದೇ ಹಲ್ಲು, ಅದೇ ಹುಡುಕಾಟ, ಆಮೇಲೆ ಹುಡುಗನ ಹಾಗೆ ಕೂಗಿದರು, ಸಿಕ್ತು ಕಾಕಾ, ನಾಲ್ಕನೇದು ಸಿಕ್ತು ನೋಡ್ರಿ! ನನ್ನ ಸರದಿ ಮತ್ತೆ ಬರುವಾಗ ಶಟರ್ ಅರ್ಧ ಇಳಿದಿತ್ತು, ಅತ್ತೆಯ ಫೋನು, ರೊಟ್ಟಿ ಆರಾಕತ್ತಾವ ಬಾರಪ್ಪಾ, ಸಿಕ್ಕ ಮೂರನ್ನಷ್ಟೇ ತುಂಬಿದರು, ಮುಗೀತು, ಏಳು.

ಇವತ್ತು ಚಿಟಗುಪ್ಪದ ಅಕ್ಕನ ಮನೆಗೆ ಅಂತ ಹೇಳಿ ಹುಮನಾಬಾದಿನಲ್ಲಿ ಇಳಿದೆ. ಮೊದಲ ಯಾರ ಕಡೆ ಮಾಡಿಸಿದ್ರಿ, ಹಾಳೆ ಬಿಗಿಯುವ ಮುಂಚೆ ಅತಿಯಾ ಕೇಳಿದರು, ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ, ಆ ಪದ್ಧತಿಗೆ ಎಷ್ಟು ನಗುತ್ತಿದ್ದೆ, ಇವತ್ತು ಅದರ ಹಿಂದೆಯೇ ಅಡಗಿದೆ, ಬ್ಯಾರೆ ಊರಾಗ್ರಿ, ಅಂದೆ. ಈ ಖುರ್ಚಿಯಲ್ಲಿ ಒಂದೇ ಹೆದರಿಕೆ, ಏನೂ ಸಿಗದಿದ್ದರೆ, ಅತ್ತೆ ಹೇಳಿದ್ದೇ ನಿಜವಾಗಿದ್ದರೆ, ನೋಯುವುದು ನಾನೇ ಆಗಿದ್ದರೆ — ಕೆರೆಯುವ ಸದ್ದು ನಿಂತಿತು. ಅರೇ, ಇಲ್ಲೇ ಅದ ನೋಡ್ರಿ, ಒಂದು ನಾಳ ಬಿಟ್ಟೇ ಬಿಟ್ಟಾರ, ಖರೇನೇ ನೋಯ್ತಿತ್ತು ಬಿಡ್ರಿ ನಿಮಗ. ಖರೇನೇ. ಕಣ್ಣೀರು ಕಿವಿಯೊಳಗೆ ಇಳಿಯಿತು, ನೋವಾಯ್ತೇನ್ರಿ ಅಂದರು, ನಾನು ಕೈ ಎತ್ತಲಿಲ್ಲ.

ಹಾಳೆ ಬಿಚ್ಚಿದ್ದಾರೆ, ತುಟಿ ಯಾರದೋ ಎಂಬಂತೆ ಜೋತಿದೆ, ಅತಿಯಾ ತೆಗೆದ ಹಲ್ಲಿನ ಫೋಟೋ ನನ್ನ ಮೊಬೈಲಿಗೆ ಬಂದಿದೆ, ಬೇಕಾದ್ರ ಆ ಡಾಕ್ಟರಿಗೂ ಕಳಸ್ರಿ, ಅವ್ರಿಗೂ ಗೊತ್ತಾಗ್ಲಿ, ಅಂದರು. ನಮ್ಮವರ ಹೆಸರಿನ ಮೇಲೆ ಬೆರಳು, ಒತ್ತಿದರೆ ಸಾಕು, ಏನು ಬರುತ್ತದೆಂದೂ ಗೊತ್ತು, ವಾಹ್, ಎಷ್ಟು ಚಂದ ತೆಗದಾರ, ಯಾರ ಹಲ್ಲಿದು, ಅಂತ ಕೇಳುತ್ತಾರೆ, ಯಾರ ಹಲ್ಲು ಅಂತ — ಬೆರಳು ಅಲ್ಲೇ, ಇನ್ನೂ ಒತ್ತದೆ, ಪರದೆಯ ಮೇಲೆ ತುಂಬಿ ಮುಚ್ಚಿದ ಮೂರು ಗುಲಾಬಿ ಚುಕ್ಕೆ, ಪಕ್ಕದಲ್ಲಿ ಒಂದು, ಇರುವೆಯ ಕಣ್ಣಿನಷ್ಟು, ಕಪ್ಪು, ತೆರೆದೇ ಇದ್ದದ್ದು, ಆ ಚುಕ್ಕೆ, ಕಪ್ಪು