ಹುಡುಕಿದವರಿಗೆ ಹುಳುಕು

ನನ್ನ ಭಾವ ಹಲ್ಲಿನ ಡಾಕ್ಟರು. ಅಕ್ಕನೂ ಹಲ್ಲಿನ ಡಾಕ್ಟರೇ. ಒಂದೇ ಕ್ಲಿನಿಕ್ಕು, ಅಕ್ಕಪಕ್ಕದ ಕುರ್ಚಿ. ಅಕ್ಕನ ಕುರ್ಚಿಗೆ ಸಾಲು ನಿಲ್ಲುತ್ತಿತ್ತು, ಭಾವನ ಕುರ್ಚಿಯಲ್ಲಿ ಧೂಳು ಕೂರುತ್ತಿತ್ತು. ಸಂಸಾರ ಮುರಿದ ದಿನ ಭಾವ ಬೀಗ ಬದಲಾಯಿಸಿದ, ಕಟ್ಟಡ ಅವನಪ್ಪನದು. ಕೀಳುವುದೇ ಕಸುಬಾದವನಿಗೆ ಬುದ್ಧಿಯೂ ಕೀಳಾದರೆ ಆಶ್ಚರ್ಯವೇನು?

ಬೀಗವನ್ನು ನಾನು ಮರೆತೇನು. ಮರೆಯಲಾಗದ್ದು ಅದರ ಹಿಂದೆಯೇ ಬಂದ ಫೋನು. ಕ್ಲಿನಿಕ್ಕಿಗೆ ವೆಬ್‌ಸೈಟ್ ಮಾಡಿಕೊಟ್ಟವನು ನಾನು. ರೋಗಿಗಳು ಅಕ್ಕನನ್ನು ಹೊಗಳಿ ಬರೆದದ್ದೆಲ್ಲ ಅದರಲ್ಲಿತ್ತು. 'ಡಾಕ್ಟರಮ್ಮ' ಅಂತಿರೋ ಕಡೆಯೆಲ್ಲ 'ಡಾಕ್ಟರು' ಅಂತ ಮಾಡಿಬಿಡು ಎಂದ. ಜಾಣತನ ನೋಡಿ. "ಡಾಕ್ಟರಮ್ಮ ಸೂಜಿ ಚುಚ್ಚಿದ್ದೇ ತಿಳಿಯಲಿಲ್ಲ, ಮಗಳು ಬೆರಳು ಕಚ್ಚಿದರೂ ನಗುತ್ತಲೇ ಇದ್ದರು" ಎಂದು ಒಬ್ಬ ತಾಯಿ ಬರೆದಿದ್ದಳು. ಗೌರವದ ಬಹುವಚನಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ. ಬಾಲದ 'ಅಮ್ಮ'ನನ್ನು ಕಿತ್ತರೆ ಸಾಕು, ಕಚ್ಚಿಸಿಕೊಂಡ ಬೆರಳೂ ಭಾವನದೇ. ಅವನ ಕೈಗೆ ಬಾಯಿ ಕೊಟ್ಟವರು ಹೇಗೂ 'ಅಮ್ಮಾ' ಎಂದು ಕೂಗುವವರು, ಪುಟದಲ್ಲೂ ಯಾಕೆ ಅನ್ನಿಸಿರಬೇಕು.

ಹೆಂಡತಿಯ ತಮ್ಮನಿಗೇ ಇದನ್ನು ಹೇಳೋಕೆ ನಾಚಿಕೆ ಬೇಡವೇ ಅಂತೀರಾ? ಬೇರೆಯವರನ್ನು ಹುಡುಕಬೇಕಾಗುತ್ತಿತ್ತಲ್ಲ. ಭಾವ ಜನ್ಮದಲ್ಲಿ ಏನನ್ನೂ ಹುಡುಕಿದವನಲ್ಲ. ಹಣೆಯ ಮೇಲಿನ ಕನ್ನಡಕವನ್ನೂ ಅಕ್ಕನೇ ಹುಡುಕಿ ಕೊಡಬೇಕಿತ್ತು.

ಅಕ್ಕ ಔಷಧಿ ಅಂಗಡಿಯ ಮಹಡಿಯಲ್ಲಿ ಕೋಣೆ ಹಿಡಿದು, ಬಾಡಿಗೆ ಕುರ್ಚಿ ಹಾಕಿ ಕಾದಳು. ಯಾರೂ ಮೆಟ್ಟಿಲು ಹತ್ತಲಿಲ್ಲ. ಅವಳನ್ನು ಹುಡುಕಿದವರಿಗೆಲ್ಲ ಭಾವನೇ ಸಿಗುತ್ತಿದ್ದ. ಪುಟದಲ್ಲಿ ಹೊಗಳಿಕೆ ಅವಳದು, ವಿಳಾಸ ಅವನದು. ಇನ್ನು ಸ್ವಲ್ಪ ದಿನ ನೋಡಿ ಕುರ್ಚಿ ವಾಪಸ್ ಕೊಟ್ಟುಬಿಡ್ತೀನಿ ಎಂದಳು. ಕೈ ಮಾತ್ರ ಒರೆಸಿದ ಪುಟ್ಟ ಕನ್ನಡಿಯನ್ನೇ ಮತ್ತೆ ಮತ್ತೆ ಒರೆಸುತ್ತಿತ್ತು. ಆವತ್ತು ನಾನು ಹಲ್ಲು ಮಸೆದೆ. ಮಸೆದರೆ ಹಲ್ಲು ಸವೆಯುತ್ತವಂತೆ. ಸವೆಯಲಿ.

ಭಾವ ಹೇಳಿದಂತೆ 'ಅಮ್ಮ'ನನ್ನು ಕಿತ್ತೆ. ಜೊತೆಗೆ ಇನ್ನೊಂದು ಪುಟ ಕಟ್ಟಿದೆ. ಆ ಕಾಲದಲ್ಲಿ ಯಾರಾದರೂ ಹುಡುಕುವ ತಾಣದಲ್ಲಿ ಏನೋ ಬರೆದು, ಅಲ್ಲಿಂದ ನಮ್ಮ ಪುಟಕ್ಕೆ ಬಂದರೆ, ಬರೆದ ಮಾತೂ ಅವರ ಬೆನ್ನಿಗಂಟಿಕೊಂಡು ಬರುತ್ತಿತ್ತು. ಅದನ್ನು ನೋಡಿ, ಬಂದವರಿಗೆ ತಕ್ಕ ಪುಟ ತೋರಿಸಬಹುದಿತ್ತು. 'ಡಾಕ್ಟರಮ್ಮ' ಅಂತಲೋ 'ನೋವಾಗದಂತೆ ಹಲ್ಲು ಕೀಳುವವರು' ಅಂತಲೋ ಬರೆದು ಬಂದವರಿಗೆ ಹೊಸ ಪುಟ: "ನೀವು ಹುಡುಕುತ್ತಿರುವ ಡಾಕ್ಟರಮ್ಮ ಈಗ ಇಲ್ಲಿಲ್ಲ. ಔಷಧಿ ಅಂಗಡಿಯ ಮಹಡಿಯಲ್ಲಿದ್ದಾರೆ." ಅದರ ಕೆಳಗೆ 'ಅಮ್ಮ' ಸಮೇತ ಹೊಗಳಿಕೆ. ವಿಳಾಸವನ್ನು ನೇರವಾಗಿ ಒತ್ತಿ ಬಂದವರಿಗೆ ಮಾತ್ರ ಹಲ್ಲು ಕಿರಿಯುವ ಭಾವ. ಹಾಗೆ ಬರುತ್ತಿದ್ದವನು ಹೆಚ್ಚುಕಮ್ಮಿ ಅವನೊಬ್ಬನೇ. ದಿನಾ ತನ್ನ ಮುಖ ತಾನೇ ನೋಡಿ ಸಂತೋಷಪಡುತ್ತಿದ್ದ.

ಅಕ್ಕನ ಮೆಟ್ಟಿಲ ಮೇಲೆ ಜನ ಕೂತು ಕಾಯುವಂತಾಯಿತು. ಭಾವನ ಕಡೆ ಸೊಳ್ಳೆಗೂ ಬಾಯಿ ತೆರೆಯುವ ಮನಸ್ಸಾಗಲಿಲ್ಲ. ಕೊನೆಗೊಂದು ಸಂಜೆ ನನ್ನನ್ನು ಕರೆಸಿದ. ಬಾಗಿಲಲ್ಲಿ ಟೋಕನ್ ಕೊಡುವ ಚೀಟಿ ಆಂಟಿ, ಬೆಂಚಿನ ಮೇಲೆ ಕೆನ್ನೆ ಊದಿಸಿಕೊಂಡ ಒಬ್ಬ ಹೆಂಗಸು, ಅಷ್ಟೇ ಜನ. ವೆಬ್‌ಸೈಟಿಗೆ ಏನೋ ರೋಗ ಬಂದಿದೆ ಎಂದ ಭಾವ, ಒಸಡು ಒತ್ತಿ ನೋಡುವವನ ದನಿಯಲ್ಲಿ. ವಿಳಾಸ ಒತ್ತಿದ. ಅವನದೇ ಮುಖ ಬಂತು.

"ಆರೋಗ್ಯವಾಗಿದೆಯಲ್ಲ ಭಾವ" ಎಂದೆ.

ಚೀಟಿ ಆಂಟಿ ತಡೆಯಲಾರದೆ, ಹಾಗಲ್ಲ ಸರ್, ಹುಡುಕಿ ನೋಡಿ, ಎಂದು ತನ್ನ ಫೋನನ್ನು ಅವನ ಮೂಗಿಗೆ ಹಿಡಿದಳು. ಭಾವ ಓದಿದ. ಕಿವಿಯವರೆಗೂ ಕೆಂಪಾದ.

"ಕಿತ್ತು ಹಾಕೋ ಇದನ್ನ."

"ಕೀಳೋದು ನಿಮ್ಮ ಕಸುಬು ಭಾವ. ನಂದು ಕಟ್ಟೋದು."

ಕೋರ್ಟಿಗೆಳೀತೀನಿ ಎಂದ. ಎಳೀರಿ, ಹೊಗಳಿ ಬರೆದವರೆಲ್ಲ ಸಾಕ್ಷಿ ಹೇಳ್ತಾರೆ, ಅವರ ಹಲ್ಲೂ ಗಟ್ಟಿ, ಮಾತೂ ಗಟ್ಟಿ ಎಂದೆ. ಆಮೇಲೆ ನನ್ನ ಷರತ್ತು ಹೇಳಿದೆ: ಹೊಸ ಪುಟ ತೆಗೀತೀನಿ, ಆದರೆ ಹಳೆಯ ಪುಟದಲ್ಲಿ ಕಿತ್ತ 'ಅಮ್ಮ'ನನ್ನೆಲ್ಲ ನೀವೇ ನಿಮ್ಮ ಕೈಯಾರೆ ಕೂರಿಸಬೇಕು. ಕೂರಿಸಿದ್ದನ್ನು ಗಟ್ಟಿಯಾಗಿ ಓದಬೇಕು.

ಅವನು ನನ್ನನ್ನು ನೋಡಿದ, ಒಬ್ಬಳೇ ರೋಗಿಯಿದ್ದ ಬೆಂಚು ನೋಡಿದ, ಕೂತ. ಒಂದೇ ಬೆರಳಲ್ಲಿ ಒತ್ತಿದ. "ಡಾಕ್ಟರಮ್ಮ ಸೂಜಿ ಚುಚ್ಚಿದ್ದೇ ತಿಳಿಯಲಿಲ್ಲ..." ದವಡೆಗೆ ಮದ್ದು ಚುಚ್ಚಿಸಿಕೊಂಡವನ ಹಾಗೆ ತೊದಲುತ್ತಿದ್ದ. ಕೇಳಿಸಲಿಲ್ಲ ಭಾವ, ಬಾಯಿ ದೊಡ್ಡದಾಗಿ ತೆಗೀರಿ, ಎಂದು ಅವನದೇ ರಾಗದಲ್ಲಿ ಹೇಳಿದೆ. ಚೀಟಿ ಆಂಟಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಕನಿಕರ ಬಂತೇ ಅಂತ ಎದೆಯೊಳಗೆ ಇಣುಕಿದೆ. ಬಂದಿರಲಿಲ್ಲ. ಎಲ್ಲವನ್ನೂ ಓದಿಸಿದೆ.

ಅವನು ಮುಗಿಸುವಷ್ಟರಲ್ಲಿ ಕೆನ್ನೆ ಊದಿದ ಹೆಂಗಸು ಎದ್ದು ಬಂದು ಟೋಕನ್ನನ್ನು ಮೇಜಿನ ಮೇಲಿಟ್ಟಳು.

"ಆ ಆಕ್ತರಮ್ಮ ಎಲ್ಲಿ ಇಕ್ತಾರೆ?"

ನಾನು ಭಾವನ ಕಡೆ ಕೈ ತೋರಿಸಿದೆ. ಅವನು ಕೀಬೋರ್ಡನ್ನು ಆಚೆ ತಳ್ಳಿದ.

"ಔಷಧಿ ಅಂಗಡಿ ಮಹಡಿ. ಆಚೆ ಹೋಗಿ ಎಡಕ್ಕೆ."

"ಬಲಕ್ಕೆ ಕಣಮ್ಮ" ಎಂದು ಚೀಟಿ ಆಂಟಿ ಎದ್ದಳು. "ಬನ್ನಿ, ನಾನೂ ಆ ಕಡೇನೇ ಹೊರಟೆ."