ಹುಲ್ಲಿನ ಚೀಲದಲ್ಲಿ ಕಣಗಲೆ

ರಾಮಯ್ಯನ ಸಿಟ್ಟು ಇಡೀ ಕತ್ರಿಗುಪ್ಪೆಗೇ ಗೊತ್ತಿದ್ದ ಸಂಗತಿ. ಹಾಲು ಹಾಕುತ್ತಿದ್ದ ಕಾಲದಲ್ಲಿ, ನೀರು ಎಷ್ಟು ಬೆರೆಸಿದ್ದೀಯಪ್ಪಾ ಎಂದು ತಮಾಷೆಗೆ ಕೇಳಿದ ಬೇಕರಿಯವನ ತಲೆಯ ಮೇಲೆ ಕ್ಯಾನಿನ ಹಾಲನ್ನಷ್ಟೂ ಸುರಿದು, "ಈಗ ನೆಕ್ಕಿ ನೋಡ್ಕೋ" ಎಂದು ಬಂದ ಮಹಾರಾಯ ಅವನು. "ಸಿಟ್ಟಲ್ಲಿ ಕುಯ್ಕೊಂಡ ಮೂಗು ಸಿಟ್ಟು ಇಳಿದ್ಮೇಲೆ ಅಂಟ್ಕೊಳುತ್ತಾ?" ಎಂದು ಹೆಂಡತಿ ಲಕ್ಷ್ಮಿದೇವಮ್ಮ ಮನೆ ತುಂಬಿದ ದಿನದಿಂದ ಹೇಳುತ್ತಲೇ ಇದ್ದಳು. ಕೇಳುವ ಕಿವಿ ಬೇಕಲ್ಲ!

ಊರು ಬಡಾವಣೆಯಾಯಿತು, ಹೊಲವೆಲ್ಲ ಸೈಟುಗಳಾದವು, ರಾಮಯ್ಯನ ಮನೆಯೂ ಬಾಡಿಗೆದಾರರನ್ನು ಹೊತ್ತುಕೊಂಡು ಮಹಡಿಯ ಮೇಲೆ ಮಹಡಿ ಬೆಳೆಯಿತು. ಕಟ್ಟಡದ ಹಿಂದಿದ್ದ ಶೀಟಿನ ಕೊಟ್ಟಿಗೆಯನ್ನು ಮಾತ್ರ ಅವನು ಯಾರಿಗೂ ಮುಟ್ಟಗೊಡಲಿಲ್ಲ. ಅಲ್ಲಿ ಗೌರಿ ಇದ್ದಳು. ಅಪ್ಪ ಕಟ್ಟಿದ್ದ ಹಸುವಿನ ಪೀಳಿಗೆಯಲ್ಲಿ ಉಳಿದದ್ದು ಅದೊಂದೇ, ಈಗ ತುಂಬು ಗಬ್ಬ. ಮಗ ಮನೋಜನನ್ನು ಕತ್ತೆ, ಕೋಣ ಎಂದು ಬೈಯುವ ಅದೇ ಬಾಯಲ್ಲಿ ಗೌರಿಯನ್ನು "ಬಾರವ್ವ, ನನ್ ತಾಯಿ" ಎಂದು ಕರೆಯುತ್ತಿದ್ದ. ಈ ಸಲ ಹೆಣ್ಣುಗರು ಹಾಕಿ ತಳಿ ಉಳಿಯಲಿ ಎಂದು ಬನಶಂಕರಮ್ಮನಿಗೆ ನಿಂಬೆಹಣ್ಣಿನ ದೀಪದ ಹರಕೆ ಬೇರೆ ಹೊತ್ತಿದ್ದ.

ಅವತ್ತು ಬೆಳಗ್ಗೆ ಮೂಲೆಯಂಗಡಿಯಲ್ಲಿ ಟೀ ಕುಡಿದು ಬರುವಾಗ, ಕೊಟ್ಟಿಗೆಯೊಳಗೆ ಗೋಡೆಗೆ ಕೊಂಬು ಬಡಿಯುವ ಸದ್ದು ಕೇಳಿ ಓಡಿದ. ಗೌರಿ ಮಗ್ಗುಲಾಗಿ ಬಿದ್ದು ನಾಲ್ಕೂ ಕಾಲು ಬಡಿಯುತ್ತಿದ್ದಳು. ಬಾಯಿ ತುಂಬ ನೊರೆ, ಹಿಂದೆ ನೀರಿನಂಥ ಸಗಣಿ, ಕುತ್ತಿಗೆಗೆ ಬಿಗಿದ ಹಗ್ಗ. ಸೂರಿಗೆ ಸಿಕ್ಕಿಸಿದ್ದ ಮಚ್ಚು ಎಳೆದು ಹಗ್ಗ ಕತ್ತರಿಸಿದ. ತಲೆಯನ್ನು ತೊಡೆಯ ಮೇಲೆ ಎತ್ತಿಕೊಳ್ಳಲು ಹೋದರೆ ಒದ್ದ ಗೊರಸು ಮೊಣಕಾಲಿಗೆ ಬಡಿದು ಕಣ್ಣು ಕತ್ತಲೆ ಬಂತು.

"ಡಾಕ್ಟ್ರಿಗೆ ಫೋನ್ ಮಾಡೇ!" ಎಂದು ಕಿರುಚಿದ.

ದನದ ಡಾಕ್ಟರು ದೂರದ ಗೊಟ್ಟಿಗೆರೆಯಲ್ಲಿದ್ದರು, ಹೊರಟಿದ್ದೀನಿ ಎಂದರು. ಅಷ್ಟು ಹೊತ್ತು ಯಾರ ಹತ್ತಿರ ಇತ್ತು? ರಾಮಯ್ಯ ಹಸುವಿನ ಹೊಟ್ಟೆಯ ಮೇಲೆ ಅಂಗೈ ಊರಿ ಕೂತ. ಒಳಗೆ ಕರು ಹೊರಳಿದ್ದು ಕೈಗೆ ತಾಗಿತು. ಇನ್ನೊಂದು ಸಲ ಜೋರಾಗಿ ಒದೆಯಿತು. ಗೌರಿ ಕತ್ತು ಸೆಟೆದು, ಒಂದು ದೊಡ್ಡ ಉಸಿರು ಬಿಟ್ಟು ಸುಮ್ಮನಾದಳು. ಕರು ಆಮೇಲೂ ಸ್ವಲ್ಪ ಹೊತ್ತು ಅಲುಗಾಡಿತು. ಅಯ್ಯೋ, ಅದನ್ನು ಮಾತ್ರ ಯಾವ ಶತ್ರುವಿನ ಕೈಗೂ ದೇವರು ತೋರಿಸಬಾರದು. ಕೊನೆಗೆ ಅದೂ ನಿಂತುಹೋಯಿತು.

ಲಕ್ಷ್ಮಿದೇವಮ್ಮ ಅಳುತ್ತಲೇ ಗೋದಲಿಗೆ ಕೈಹಾಕಿ ಉಳಿದ ಹುಲ್ಲನ್ನು ಕೆದಕಿದಳು. ಕತ್ತರಿಸಿದ ಹುಲ್ಲಿನ ನಡುವೆ ಬಾಡಿದ, ಉದ್ದನೆಯ, ದಪ್ಪ ಎಲೆಗಳು.

"ಇದು ಕಣಗಲೆ ಕಣ್ರೀ! ಹುಲ್ಲಿನ ಜೊತೇಲಿ ಕಣಗಲೆ ಬೆರಸವ್ರೆ!"

ಕಣಗಲೆ ದೇವರ ತಲೆಗೆ ಹೂವು, ದನದ ಹೊಟ್ಟೆಗೆ ವಿಷ. ಹಸಿ ಎಲೆಯನ್ನು ದನ ಮೂಸಿ ಬಿಡುತ್ತದೆ, ಹುಲ್ಲಿನ ಜೊತೆ ಬಾಡಿ ಬೆರೆತರೆ ಗೊತ್ತಾಗದೆ ತಿಂದುಬಿಡುತ್ತದೆ. ದನ ಕಟ್ಟಿದವರ ಮನೆಯಲ್ಲಿ ಇದು ಮಕ್ಕಳಿಗೂ ಗೊತ್ತಿರುತ್ತಿತ್ತು, ಹಿಂದಿನ ಮಾತು.

ಹುಲ್ಲು ಬರುತ್ತಿದ್ದದ್ದು ಎದುರುಮನೆ ಶಾಮಣ್ಣನವರಿಂದ. ನಿವೃತ್ತರಾದ ಮೇಲೆ ಅವರಿಗೆ ಮನೆಮುಂದಿನ ಲಾನೇ ಸಂಸಾರ. ಮಳೆಗಾಲದಲ್ಲಿ ವಾರವಾರ ಹುಲ್ಲು ಕತ್ತರಿಸುವುದು, ಕೂತು ಕೊನ್ನಾರಿ ಕಳೆಯ ಗಡ್ಡೆ ಕೀಳುವುದು, ಮಳೆ ಹಿಂದಾಗಿ ದೀಪಾವಳಿ ಹತ್ತಿರ ಬಂದರೆ ದಾಸವಾಳ, ಗುಲಾಬಿಗೆಲ್ಲ ಕತ್ತರಿ ಆಡಿಸುವುದು. ಕತ್ತರಿಸಿದ ಹುಲ್ಲನ್ನು ಸಿಮೆಂಟ್ ಚೀಲಕ್ಕೆ ತುಂಬಿ ರಾಮಯ್ಯನ ಗೇಟಿನ ಕಂಬಕ್ಕೆ ಒರಗಿಸಿ, "ಗೋಗ್ರಾಸ ಕಣ್ರೀ ರಾಮಯ್ಯ. ಪುಣ್ಯ ನಮಗೆ, ಹಾಲು ನಿಮಗೆ" ಎಂದು ಕೂಗಿ ಹೋಗುತ್ತಿದ್ದರು. ವರ್ಷಗಳಿಂದ ನಡೆದುಬಂದ ಪದ್ಧತಿ. ಆ ಚೀಲದೊಳಗೆ ಏನಿದೆ ಎಂದು ರಾಮಯ್ಯ ಒಂದು ದಿನವೂ ನೋಡಿದವನಲ್ಲ. ನಿನ್ನೆ ಸಂಜೆಯೂ ಕರೆಂಟು ಹೋಗಿದ್ದ ಹೊತ್ತಿನಲ್ಲಿ ಕಂಬಕ್ಕೆ ಒರಗಿದ್ದ ಚೀಲವನ್ನು ಎಳೆದು ತಂದು, ಹಾಗೇ ಗೋದಲಿಗೆ ಸುರಿದಿದ್ದ.

"ಪುಣ್ಯವಂತೆ ಪುಣ್ಯ!" ಎಂದು ಹಲ್ಲು ಕಡಿದ. ಒಂದು ಕೈಯಲ್ಲಿ ಮಚ್ಚು, ಇನ್ನೊಂದು ಮುಷ್ಟಿಯಲ್ಲಿ ಗೋದಲಿಯ ಎಲೆ ಹಿಡಿದು ಎದ್ದ. ಹೆಂಡತಿ ಸೆರಗು ಕಚ್ಚಿಕೊಂಡು ಅವನ ಸೊಂಟ ಹಿಡಿದಳು. ಮೊಣಕೈಯಿಂದ ತಳ್ಳಿದ ರಭಸಕ್ಕೆ ಅವಳು ಸಗಣಿಯ ಮೇಲೆ ಹೋಗಿ ಬಿದ್ದಳು.

ಶಾಮಣ್ಣ ಸ್ಟೂಲಿನ ಮೇಲೆ ನಿಂತು ಕೈಗತ್ತರಿಯಿಂದ ದಾಸವಾಳದ ಒಣರೆಂಬೆ ಕತ್ತರಿಸುತ್ತಿದ್ದರು. ಗೇಟು ದಡಾರನೆ ಬಡಿದದ್ದಕ್ಕೆ ತಿರುಗಿ, "ಏನು ರಾಮಯ್ಯ, ಬೆಳಗ್ಗೇನೇ..." ಎನ್ನುವಷ್ಟರಲ್ಲಿ ರಾಮಯ್ಯ ಸ್ಟೂಲಿಗೆ ಒದ್ದ.

ಮುದುಕ ಮೇಲಿಂದ ಕೆಳಕ್ಕೆ ಬಿದ್ದರು. ಲಾನಿನ ಅಂಚಿಗೆ ಓರೆಯಾಗಿ ಹೂತಿದ್ದ ಇಟ್ಟಿಗೆಗೆ ಹಣೆ ಬಡಿಯಿತು. ಕೆಳಗೆ ಸಿಕ್ಕಿದ ಕೈ ಲಟಕ್ಕೆಂದಿತು. ಕನ್ನಡಕ ಎಲ್ಲಿ ಹಾರಿತೋ!

"ನನ್ ಗೌರಿ ನಿನಗೇನ್ ಮಾಡಿತ್ತು? ಲೇ, ಹುಲ್ಲಲ್ಲಿ ಕಣಗಲೆ ಬೆರೆಸಿ ಗಬ್ಬದ ಹಸುಗೆ ವಿಷ ಹಾಕ್ತೀಯಾ?"

"ಯಾವ ವಿಷ? ಏನಾಯ್ತು? ರಾಮಯ್ಯ, ಕೈ, ನನ್ನ ಕೈ..."

ರಾಮಯ್ಯ ಮಚ್ಚನ್ನು ಎತ್ತಿದ. ಯಾವ ದೇವರು ತಿರುಗಿಸಿದನೋ, ಅಲಗು ಶಾಮಣ್ಣನ ಕಿವಿಯ ಪಕ್ಕದ ನೆಲಕ್ಕೆ ಇಳಿದು ಕಚ್ಚಿಕೊಂಡಿತು. ಅದನ್ನು ಕೀಳುವ ತಾಳ್ಮೆಯೂ ಅವನಿಗಿರಲಿಲ್ಲ. ಎದೆಯ ಮೇಲೆ ಮೊಣಕಾಲು ಹೇರಿ ಕೂತು, ದವಡೆ ಹಿಸುಕಿ ಬಾಯಿ ತೆರೆಸಿ, ಮುಷ್ಟಿಯಲ್ಲಿದ್ದ ಎಲೆಯನ್ನೆಲ್ಲ ತುರುಕಿದ.

"ತಿನ್ನು! ನೀನೂ ತಿನ್ನು! ನುಂಗು! ಗೊತ್ತಾಗ್ಲಿ!"

ಶಾಮಣ್ಣ ಕತ್ತು ಕೊಸರಿದರು. ರಾಮಯ್ಯ ಅವರ ಮೂಗು, ಬಾಯಿ ಎರಡನ್ನೂ ಅಂಗೈಯಲ್ಲಿ ಒತ್ತಿ ಹಿಡಿದ. ಉಸಿರಿಗಾಗಿ ಗಂಟಲು ಮೇಲೆ ಕೆಳಗೆ ಆಡಿ, ಎಲೆ ಒಳಗಿಳಿಯಿತು. ರಕ್ತ ಹಣೆಯಿಂದ ಹರಿದು ಕಣ್ಣಿನ ಗುಳಿ ತುಂಬಿತ್ತು.

ಕೂಗಾಟ ಕೇಳಿ ಒಳಗಿಂದ ಬಂದದ್ದು ಶಾಮಣ್ಣನವರ ಹೆಂಡತಿ ಅಮ್ಮಣ್ಣಿ. ಜೋರಾಗಿ ಮಾತಾಡಿದ್ದನ್ನೂ ಆ ರಸ್ತೆ ಕೇಳಿರಲಿಲ್ಲ, ಅಂಥ ಹೆಂಗಸು. ಅವತ್ತು ಕೆಳಗೆ ಬಿದ್ದಿದ್ದ ಕೈಗತ್ತರಿಯನ್ನು ಎತ್ತಿಕೊಂಡು ನೇರ ಬಂದು ರಾಮಯ್ಯನ ಭುಜಕ್ಕೆ ಚುಚ್ಚಿದರು. ಮತ್ತೆ ಚುಚ್ಚಿದರು. ಅಂಗಿ ಒದ್ದೆಯಾದರೂ ಅವನು ಏಳಲಿಲ್ಲ. ಆಗ ಅವನ ಕೂದಲು ಹಿಡಿದು ಮುಖವನ್ನು ನೆಲದ ಕಡೆಗೆ ಬಗ್ಗಿಸಿದರು.

"ನೋಡೋ! ಕಣ್ಣಿದ್ರೆ ನೋಡೋ ಪಾಪಿ! ನಮ್ಮ ಲಾನ್ ಕತ್ತರಿಸಿದ ಹಾಗಿದ್ಯಾ?"

ರಾಮಯ್ಯ ನೋಡಿದ. ಹುಲ್ಲು ಪಾದ ಮುಚ್ಚುವಷ್ಟು ಎತ್ತರ ಬೆಳೆದಿತ್ತು. ಅವನು ಬಂದ ದಾರಿಯಲ್ಲಿ ಮಾತ್ರ ತುಳಿದು ಮಲಗಿತ್ತು. ಈ ವಾರ ಅದಕ್ಕೆ ಯಾರೂ ಕತ್ತರಿ ಮುಟ್ಟಿಸಿರಲಿಲ್ಲ.

"ಹುಲ್ಲಿನ ಮೆಷೀನು, ದೊಡ್ಡ ಕತ್ತರಿ ಎರಡನ್ನೂ ನಿನ್ನೆ ಇಸ್ಕೊಂಡು ಹೋಗಿದ್ದು ನಿನ್ನ ಮಗ. ನಮ್ಮನೇಲಿ ಕಣಗಲೆ ಎಲ್ಲಿದೆ ತೋರ್ಸು! ನಿನ್ನ ಹಸು ಗೇಟಲ್ಲಿ ಕತ್ತು ತೂರಿಸುತ್ತೆ ಅಂತ ಇದ್ದ ಗಿಡಾನ ಬುಡಸಮೇತ ಕೀಳಿಸಿದ್ರಲ್ಲೋ ಇವ್ರು. ಪೂಜೆ ಹೂವಿಗೆ ನಾನು ಜಗಳ ಆಡಿದ್ರೂ ಕೇಳ್ಲಿಲ್ಲ!"

ರಾಮಯ್ಯ ತಲೆ ಎತ್ತಿದ. ರಸ್ತೆಯಾಚೆ ಅವನದೇ ಗೇಟು. ಗೇಟಿನ ಪಕ್ಕ, ಅವನ ಮನೆಯ ಮುಂದೆ, ಆಳೆತ್ತರ ಬೆಳೆದಿದ್ದ ಕಣಗಲೆ ಸಾಲು ಸೊಂಟದೆತ್ತರಕ್ಕೆ ಒಂದೇ ಸಮ ಕತ್ತರಿಸಿ ನಿಂತಿತ್ತು. ಅದರ ಕೆಳಗಿನ ಚೂರು ಲಾನೂ ನುಣ್ಣಗೆ ಬೋಳಿಸಿತ್ತು. ಟೀ ಕುಡಿಯಲು ಹೋಗುವಾಗ ಅದರ ಪಕ್ಕದಲ್ಲೇ ಹೋಗಿದ್ದ, ಬರುವಾಗ ಅದರ ಪಕ್ಕದಲ್ಲೇ ಬಂದಿದ್ದ, ಮಚ್ಚು ಹಿಡಿದು ಹೊರಟಾಗಲೂ ಅದನ್ನೇ ದಾಟಿ ಬಂದಿದ್ದ.

ಮನೋಜ ಓಡಿಬಂದು ಗೇಟಿನಲ್ಲೇ ನಿಂತುಬಿಟ್ಟ. "ಅಪ್ಪಾ, ಬಿಡಪ್ಪಾ ಅವರನ್ನ! ನಾನಪ್ಪಾ ಕತ್ತರ್ಸಿದ್ದು. ಬಾಡಿಗೆಗೆ ಮನೆ ನೋಡೋಕೆ ಪಾರ್ಟಿ ಬರುತ್ತೆ ಅಂತ ಮುಂದುಗಡೆ ನೀಟ್ ಮಾಡ್ದೆ. ಕಸದ ಆಟೋಗೆ ಅಂತ ಚೀಲ ಕಂಬದ ಹತ್ರ ಇಟ್ಟೆ. ಬೆಳಗ್ಗೆ ನೋಡಿದ್ರೆ ಇರ್ಲಿಲ್ಲ, ಆಟೋದವರೇ ತಗೊಂಡ್ರು ಅನ್ಕೊಂಡೆ."

ಅದೇ ಕಂಬ, ಅಂಥದೇ ಸಿಮೆಂಟ್ ಚೀಲ! ಸುರಿದ ಕೈ ಯಾರದು ಎಂದು ರಾಮಯ್ಯನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೈಯಲ್ಲಿದ್ದ ಆವೇಶವೆಲ್ಲ ಒಂದೇ ಏಟಿಗೆ ಇಳಿಯಿತು, ಮುದುಕನ ಎದೆಯ ಮೇಲಿಂದ ಸರಿದ. ಕೆಳಗೆ ಶಾಮಣ್ಣ ಹೊಟ್ಟೆ ಹಿಡಿದು ಒದ್ದಾಡಿ ವಾಂತಿ ಮಾಡಿಕೊಂಡರು. ಹಸಿರು ನೀರಿನಲ್ಲಿ ಅರೆಬರೆ ಜಗಿದ ಎಲೆಯ ಚೂರು.

"ಸ್ವಾಮಿ, ಉಗೀರಿ! ಉಗೀರಿ ನನ್ನಪ್ಪಾ!" ಎಂದು ರಾಮಯ್ಯ ಅದೇ ಬೆರಳುಗಳನ್ನು ಅವರ ಬಾಯಿಗೆ ಹಾಕಿ, ಕೆನ್ನೆಯ ಸಂದಿಯಲ್ಲಿ ಉಳಿದಿದ್ದ ಎಲೆಯನ್ನೆಲ್ಲ ತೋಡಿ ತೆಗೆದ. ಶಾಮಣ್ಣ ಹೆದರಿ ಅವನ ಬೆರಳು ಕಚ್ಚಿದರು. ಕಚ್ಚಲಿ ಎಂದು ಬಿಟ್ಟುಕೊಟ್ಟ.

ಮನೋಜ ಆಟೋ ಹಿಡಿದು ತಂದು ಡ್ರೈವರನ ಪಕ್ಕ ತೂರಿಕೊಂಡ. ಅಮ್ಮಣ್ಣಿ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ರಾಮಯ್ಯ ಕೆಳಗೆ ಕಾಲಿಡುವ ಜಾಗದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಮುರಿದ ಕೈ ಅಲುಗದ ಹಾಗೆ ಹಿಡಿದುಕೊಂಡ. ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ತಡೆಯಲಾರದೆ ಇನ್ನೊಂದು ಅಂಗೈಯನ್ನು ಶಾಮಣ್ಣನ ಎದೆಯ ಮೇಲಿಟ್ಟ. ಬಡಿಯಿತು. ತಪ್ಪಿತು. ಮತ್ತೆ ಬಡಿಯಿತು. ಬೆಳಗ್ಗೆ ಕೊಟ್ಟಿಗೆಯಲ್ಲಿ ಇದೇ ಅಂಗೈಯ ಕೆಳಗೆ ಕರು ನಿಂತುಹೋಗಿತ್ತು. "ನಿಲ್ಬೇಡ, ನಿಲ್ಬೇಡ" ಎಂದು ಅವನು ಗೊಣಗುತ್ತಿದ್ದದ್ದು ಟ್ರಾಫಿಕ್ಕಿಗೆ ಎಂದುಕೊಂಡು ಆಟೋದವನು ಹಾರನ್ ಮಾಡಿದ.

"ತೆಗಿಯೋ ಕೈನ" ಎಂದರು ಅಮ್ಮಣ್ಣಿ. ಅವನು ತೆಗೆದ.

ಆಸ್ಪತ್ರೆಯಲ್ಲಿ ಶಾಮಣ್ಣನನ್ನು ಒಳಗೆ ತಳ್ಳಿಕೊಂಡು ಹೋದ ಮೇಲೆ ಬಹಳ ಹೊತ್ತು ಯಾರೂ ಹೊರಗೆ ಬರಲಿಲ್ಲ. ಭುಜದ ಗಾಯಕ್ಕೆ ಬಟ್ಟೆ ಕಟ್ಟುತ್ತೀನಿ ಎಂದು ನರ್ಸು ಕರೆದರೂ ರಾಮಯ್ಯ ಬಾಗಿಲು ಬಿಟ್ಟು ಅಲುಗಲಿಲ್ಲ. ಕೊನೆಗೆ ಬಂದದ್ದು ಸಮನ್ವಿತಾ ಎಂಬ ಡಾಕ್ಟರು, ಅವನಿಗೆ ಮಗಳಾಗುವ ವಯಸ್ಸಿನವಳು.

"ವಾಂತಿ ಆಗಿದ್ದು ಒಳ್ಳೇದಾಯ್ತು. ಹಾರ್ಟ್‌ಬೀಟ್ ಇನ್ನೂ ಏರುಪೇರಾಗ್ತಿದೆ, ಐಸಿಯುನಲ್ಲಿ ಇಟ್ಕೋತೀವಿ. ಉಳ್ಕೋತಾರೆ ಅನ್ಸುತ್ತೆ. ಇದು ಪೊಲೀಸ್ ಕೇಸು, ನಾನು ಬರೀಲೇಬೇಕು. ಕಣಗಲೆ ಎಲೆ ಅಂದ್ರಲ್ಲ, ಅದು ಹೊಟ್ಟೆಗೆ ಹೇಗೆ ಹೋಯ್ತು?"

ಅಮ್ಮಣ್ಣಿ ರಾಮಯ್ಯನ ಮುಖವನ್ನೇ ನೋಡುತ್ತ ನಿಂತರು.

"ಮೇಡಂ, ಅದು, ಗಿಡ ಕತ್ತರಿಸ್ತಾ ಸ್ಟೂಲಿಂದ ಬಿದ್ರು," ಎಂದು ಮನೋಜ ಮುಂದೆ ಬಂದ. "ಬೀಳೋವಾಗ ಎಲೆ ಬಾಯಿಗೆ..."

ರಾಮಯ್ಯ ಮಗನ ಕೆನ್ನೆಗೆ ಬಾರಿಸಿದ. ಅಷ್ಟುದ್ದ ವರಾಂಡದಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಬೆಳಗ್ಗೆ, ವಿಷ ಹಾಕ್ತೀಯಾ ಎಂದು ಬೊಬ್ಬೆ ಹೊಡೆದವನು ಅವನೇ ಅಲ್ಲವೇ?

"ನಾನು ಕಣವ್ವ" ಎಂದ. "ಸ್ಟೂಲಿಗೆ ಒದ್ದೋನೂ ನಾನೇ, ಬಾಯಿಗೆ ತುರುಕ್ದೋನೂ ನಾನೇ. ನನ್ ಹಸುಗೆ ಹಾಕ್ದೋನೂ ನಾನೇ. ಬರ್ಕೊಳವ್ವ."

ಡಾಕ್ಟರು ಬರೆದುಕೊಂಡು, ನಿಮ್ಮ ಹೆಸರು ಹೇಳಿ ಎಂದಳು.